ರೂಫ್ ಅರ್ಧಕ್ಕೇ ನಿಲ್ಲುತ್ತದೆ, ಡಿಕ್ಕಿಯಲ್ಲಿ ಎಣ್ಣೆ. ಪಂಪ್ ಬದಲಿಸಲೇಬೇಕಾ?

ಬಿಸಿಲುಕೋಲು:

ಎಲ್ಲರಿಗೂ ನಮಸ್ಕಾರ. ನನ್ನದು ಇಪ್ಪತ್ತು ವರ್ಷ ದಾಟಿದ ಕನ್ವರ್ಟಿಬಲ್. ಬಟ್ಟೆ ರೂಫ್, ನಾಲ್ಕು ಸೀಟು. ಸ್ವಿಚ್ ಒತ್ತಿ ಹಿಡಿದರೆ ಹಿಂದಿನ ಮುಚ್ಚಳ ಏಳುತ್ತದೆ, ರೂಫ್ ಮಡಚಿಕೊಂಡು ಅದರೊಳಗೆ ಹೋಗಿ ಕೂರುತ್ತದೆ. ಎಲ್ಲ ಹೈಡ್ರಾಲಿಕ್ಕಿನಲ್ಲೇ, ಅಂದರೆ ಪಂಪ್ ಒತ್ತುವ ಎಣ್ಣೆಯ ಬಲದಲ್ಲೇ.

ಎರಡು ತಿಂಗಳಿಂದ ಹೊಸ ತಲೆನೋವು. ತೆರೆಯುವಾಗ ಏನೂ ತೊಂದರೆ ಇಲ್ಲ. ಮುಚ್ಚುವಾಗ ಮಾತ್ರ ರೂಫ್ ಅರ್ಧ ಎದ್ದು ನಿಂತುಬಿಡುತ್ತದೆ, ಹೆಚ್ಚು ಕಡಿಮೆ ಪ್ರತಿ ಸಲ ಅದೇ ಜಾಗದಲ್ಲಿ. ಮೋಟಾರ್ ಮಾತ್ರ ಗುಂಯ್ ಅಂತ ಓಡುತ್ತಲೇ ಇರುತ್ತದೆ, ಆ ಶಬ್ದವೂ ಮೊದಲಿನ ಹಾಗಿಲ್ಲ, ಸ್ವಲ್ಪ ಕೀರಲು. ಹೆಂಡತಿ ಪಕ್ಕದಿಂದ ಕೈ ಕೊಟ್ಟು ಎತ್ತಿದರೆ ಪೂರ್ತಿ ಮುಚ್ಚುತ್ತದೆ. ಬೆಳಿಗ್ಗೆ ಮೊದಲ ಸಲಕ್ಕಿಂತ ಎರಡನೇ ಸಲ ಇನ್ನೂ ಸುಸ್ತು. ಅರ್ಧದಲ್ಲಿ ಬಿಟ್ಟರೆ ನಿಧಾನಕ್ಕೆ ವಾಪಸ್ ಇಳಿಯುತ್ತದೆ.

ಮೊನ್ನೆ ಡಿಕ್ಕಿಯ ಎಡಗಡೆ ಕಾರ್ಪೆಟ್ ಎತ್ತಿದರೆ ಅಡಿಯಲ್ಲಿ ಒದ್ದೆ. ನೀರು ಅಂದುಕೊಂಡು ಮುಟ್ಟಿದೆ, ಎಣ್ಣೆ. ಹಸಿರು ಬಣ್ಣ.

ಗ್ಯಾರೇಜಿನಲ್ಲಿ ತೋರಿಸಿದೆ. ಬಗ್ಗಿ ಕೂಡ ನೋಡಲಿಲ್ಲ. ಪಂಪ್ ಹೋಗಿದೆ, ಪೂರ್ತಿ ಯೂನಿಟ್ ಬದಲಿಸಬೇಕು ಅಂದರು. ಪಂಪ್ ತಿರುಗುತ್ತಾ ಇದೆಯಲ್ಲ ಅಂದರೆ, ಅದು ಹಾಗೇ ಸಾರ್ ಅಂದರು. ನನಗೆ ಪಾನಾ ಹಿಡಿದು ಅಭ್ಯಾಸ ಇದೆ, ಬ್ರೇಕ್ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಆದರೆ ಹೈಡ್ರಾಲಿಕ್ ಮುಟ್ಟಿಲ್ಲ. ಎಲ್ಲಿಂದ ಶುರು ಮಾಡಲಿ?

ಗ್ರೀಸ್‌ಕೈ:

ಪಂಪ್ ಆರ್ಡರ್ ಮಾಡಬೇಡಿ. ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತದೆ.

ನಿಮ್ಮ ಗಾಡಿ ಏನು ಹೇಳುತ್ತಿದೆ ನೋಡಿ. ಈ ಸಿಸ್ಟಂ ಎಂಜಿನ್ ಆಯಿಲ್ ಥರ ಎಣ್ಣೆ ಸುಡುವುದಿಲ್ಲ. ಅದೇ ಎಣ್ಣೆ ಟ್ಯಾಂಕಿನಿಂದ ರೂಫ್ ಎತ್ತುವ ಸಿಲಿಂಡರಿಗೆ, ಸಿಲಿಂಡರಿನಿಂದ ಟ್ಯಾಂಕಿಗೆ ಓಡಾಡಿಕೊಂಡು ಇರುತ್ತದೆ. ಎಷ್ಟೋ ಗಾಡಿಗಳಲ್ಲಿ ಒಟ್ಟು ಸೇರಿಸಿದರೂ ಒಂದು ಲೀಟರ್ ಇರುವುದಿಲ್ಲ. ಹಾಗಾಗಿ ಕಾರ್ಪೆಟ್ ಒದ್ದೆ ಆಗುವಷ್ಟು ಹೊರಗೆ ಬಂದಿದೆ ಅಂದರೆ ಒಳಗೆ ಕೊರತೆ ಬಿದ್ದಿದೆ ಅಂತಲೇ ಅರ್ಥ.

ಈಗ ಅದೇ ಜಾಗದಲ್ಲಿ ಯಾಕೆ ನಿಲ್ಲುತ್ತದೆ? ರೂಫ್ ಎತ್ತುವಾಗ ಸಿಲಿಂಡರಿನ ರಾಡ್ ಹೊರಗೆ ಬರುತ್ತದೆ. ರಾಡ್ ಒಳಗಿದ್ದಾಗ ಅದೇ ಜಾಗ ಹಿಡಿದಿರುತ್ತದೆ, ಹೊರಗೆ ಬಂದಷ್ಟೂ ಆ ಖಾಲಿ ಜಾಗ ತುಂಬಲು ಟ್ಯಾಂಕಿನಿಂದ ಜಾಸ್ತಿ ಎಣ್ಣೆ ಬೇಕು. ಟ್ಯಾಂಕಿನಲ್ಲಿ ಅಷ್ಟು ಇಲ್ಲದಿದ್ದರೆ ಅರ್ಧ ದಾರಿಯಲ್ಲಿ ಪಂಪ್ ಗಾಳಿ ಎಳೆಯಲು ಶುರು ಮಾಡುತ್ತದೆ. ಆ ಕೀರಲು ಶಬ್ದ ಅದೇ. ತೆರೆಯುವಾಗ ರೂಫಿನ ಭಾರವೇ ಸಹಾಯ ಮಾಡುತ್ತದೆ, ಅದಕ್ಕೇ ಅಲ್ಲಿ ನಿಮಗೆ ಏನೂ ಗೊತ್ತಾಗುತ್ತಿಲ್ಲ. ಎರಡನೇ ಸಲ ಸುಸ್ತಾಗುವುದಕ್ಕೂ ಕಾರಣ ಇದೆ: ಮೊದಲ ಸಲಕ್ಕೆ ಎಣ್ಣೆ ಗಾಳಿ ಬೆರೆತು ನೊರೆ ಆಗಿರುತ್ತದೆ, ಜೊತೆಗೆ ಬಿಸಿಯಾಗಿ ತೆಳುವಾಗಿರುತ್ತದೆ, ಎಣ್ಣೆ ತಡೆಯುವ ಸೀಲ್ ಸವೆದಿದ್ದರೆ ಅದರ ಸಂದಿಯಲ್ಲಿ ಇನ್ನೂ ಸಲೀಸಾಗಿ ನುಸುಳುತ್ತದೆ.

ಆದ್ದರಿಂದ ಮೊದಲು ಲೆವೆಲ್ ನೋಡಿ. ಪಂಪಿನ ಪಕ್ಕದಲ್ಲೇ ಅರೆಪಾರದರ್ಶಕ ಪ್ಲಾಸ್ಟಿಕ್ ಟ್ಯಾಂಕ್ ಇರುತ್ತದೆ, ಮೇಲೆ ಕೆಳಗೆ ಎರಡು ಗೆರೆ. ರೂಫ್ ಯಾವ ಸ್ಥಿತಿಯಲ್ಲಿ ಇದ್ದಾಗ ನೋಡಬೇಕು ಅಂತ ಮ್ಯಾನುಯಲ್ಲಿನಲ್ಲಿ ಹೇಳಿರುತ್ತಾರೆ, ಅದನ್ನು ಓದಿಯೇ ನೋಡಿ. ರಾಡ್ ಎಲ್ಲ ಹೊರಗಿದ್ದಾಗ ಮೇಲಿನ ಗೆರೆ ತನಕ ತುಂಬಿಸಿಬಿಟ್ಟರೆ, ರಾಡ್ ಒಳಗೆ ಹೋದಾಗ ವಾಪಸ್ ಬರುವ ಎಣ್ಣೆಗೆ ಜಾಗ ಇರದೆ ಉಕ್ಕಿ ಅದೂ ಡಿಕ್ಕಿಗೇ ಬರುತ್ತದೆ. ಆಮೇಲೆ ಹೊಸ ಲೀಕ್ ಅಂತ ಇನ್ನೊಂದು ವಾರ ಹುಡುಕುತ್ತೀರಿ.

ಇನ್ನು ಎರಡು ಮಾತು, ಕೈ ಹಾಕುವ ಮೊದಲೇ. ಅರ್ಧ ಎತ್ತಿದ ರೂಫಿಗೆ ಗಟ್ಟಿ ಮರದ ತುಂಡು ಆನಿಸದೆ ಫ್ರೇಮಿನ ಮಧ್ಯೆ ಕೈ ಇಡಬೇಡಿ. ಪೈಪ್ ಒಂದು ಬಿಚ್ಚಿಕೊಂಡರೆ ಸಾಕು, ಅದು ಕತ್ತರಿ ಥರ ಮುಚ್ಚಿಕೊಳ್ಳುತ್ತದೆ. ಮತ್ತೆ ಪಂಪ್ ಓಡುವಾಗ ಎಲ್ಲಿ ಸೋರುತ್ತದೆ ಅಂತ ಬೆರಳಿಂದ ಸವರಿ ನೋಡಬೇಡಿ. ಕಾರಿನ ಟಯರಿನಲ್ಲಿ ಎರಡು ಚಿಲ್ಲರೆ ಬಾರ್ ಒತ್ತಡ ಇರುತ್ತದೆ, ಈ ಪೈಪುಗಳಲ್ಲಿ ನೂರು ಬಾರ್ ದಾಟುವುದು ಮಾಮೂಲು. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮದೊಳಗೆ ನುಗ್ಗುತ್ತದೆ. ಅದು ಸಣ್ಣ ಗಾಯದ ಹಾಗೆ ಕಾಣುತ್ತದೆ, ಆದರೆ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ.

ಲೀಕ್ ಹಿಡಿಯುವುದು ಹೀಗೆ. ಎಲ್ಲ ಸಿಲಿಂಡರ್, ಎಲ್ಲ ಜಾಯಿಂಟ್ ಒರೆಸಿ ಒಣಗಿಸಿ. ರಾಡ್ ಹೊರಬರುವ ಬಾಯಿಗೆ, ಪೈಪ್ ಸೇರುವ ಜಾಗಕ್ಕೆ ಒಂದೊಂದು ಟಿಶ್ಯೂ ಸುತ್ತಿ. ಎರಡು ಮೂರು ಸಲ ರೂಫ್ ಆಡಿಸಿ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಯಾವ ಟಿಶ್ಯೂ ಹಸಿರಾಗಿದೆಯೋ ಅವನೇ ಕಳ್ಳ. ಎಣ್ಣೆ ನಿಂತ ಜಾಗ ನಂಬಬೇಡಿ, ಅದು ಫ್ರೇಮಿನ ಗುಂಟ ಇಳಿದು ಎಲ್ಲೋ ಬಂದು ನಿಂತಿರುತ್ತದೆ.

ತಂತಿಮಾಸ್ತರ:

ಗ್ರೀಸ್‌ಕೈ ಹೇಳಿದ್ದು ಸರಿ, ಆದರೆ ಕರೆಂಟಿನ ಕಡೆಯೂ ಒಂದು ಕಣ್ಣಿರಲಿ. ಹೈಡ್ರಾಲಿಕ್ ಅಂತ ಬರುವ ದೂರಿನಲ್ಲಿ ಎಷ್ಟೋ ನಿಜವಾಗಿ ಕರೆಂಟಿನದು.

ಮೋಟಾರ್ ಓಡುತ್ತಿದೆ, ಹಾಗಾಗಿ ಫ್ಯೂಸ್, ಸ್ವಿಚ್ ಇವೆಲ್ಲ ಬಿಡಿ. ಪಂಪಿನ ಪ್ಲಗ್ಗಿನಲ್ಲಿ ಮಲ್ಟಿಮೀಟರ್ ಇಟ್ಟು, ರೂಫ್ ಎತ್ತುತ್ತಾ ಇರುವಾಗಲೇ ವೋಲ್ಟೇಜ್ ನೋಡಿ. ಸುಮ್ನೆ ನಿಂತಾಗ 12 ತೋರಿಸಿದರೆ ಅದಕ್ಕೆ ಬೆಲೆ ಇಲ್ಲ. ಭಾರ ಬಿದ್ದಾಗ 10ಕ್ಕಿಂತ ಕೆಳಗೆ ಜಾರಿದರೆ ತುಕ್ಕು ಹಿಡಿದ ಅರ್ಥ್ ಪಾಯಿಂಟ್ ಅಥವಾ ಮುದಿ ಬ್ಯಾಟರಿ. ಈ ಮೋಟಾರ್ ಹತ್ತಾರು ಆಂಪಿಯರ್ ಎಳೆಯುವ ಸಾಮಾನು. ಪರೀಕ್ಷೆ ಮಾಡುವಾಗ ಎಂಜಿನ್ ಓಡುತ್ತಿರಲಿ, ಆದರೆ ಗಾಡಿ ಬಯಲಲ್ಲಿರಲಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ.

ನಿಮಗೆ ಸಂಬಂಧ ಇಲ್ಲದಿದ್ದರೂ ಬೇರೆಯವರಿಗೆ ಹೇಳಿಬಿಡುತ್ತೇನೆ. ಒಂದು ಕಡೆಗೆ ಮಾತ್ರ ಮೋಟಾರ್ ತಿರುಗುತ್ತದೆ, ಇನ್ನೊಂದು ಕಡೆಗೆ ಟಿಕ್ ಅಂತ ಶಬ್ದ ಮಾತ್ರ ಅಂದರೆ ಅದು ರಿಲೇ ತೊಂದರೆ, ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ ಅದು. ತೆರೆಯಲು ಒಂದು, ಮುಚ್ಚಲು ಒಂದು ಬೇರೆ ರಿಲೇ ಇರುವ ಗಾಡಿಗಳಲ್ಲಿ, ಎರಡೂ ಒಂದೇ ನಂಬರಿನದ್ದಾಗಿದ್ದರೆ ಅದಲು ಬದಲು ಮಾಡಿ ನೋಡಿ. ತೊಂದರೆ ಇನ್ನೊಂದು ಕಡೆಗೆ ಹಾರಿದರೆ ಉತ್ತರ ಸಿಕ್ಕಿತು. ಮೋಟಾರ್ ಸದ್ದೇ ಇಲ್ಲ ಅಂದರೆ ಮೊದಲು ಡಿಕ್ಕಿಯೊಳಗಿನ ಪರದೆ ನೋಡಿ, ರೂಫಿಗೆ ಜಾಗ ಬಿಡಲು ಅಡ್ಡ ಎಳೆಯುತ್ತೇವಲ್ಲ ಅದು. ಅದು ಕೊಕ್ಕೆಗೆ ಸರಿಯಾಗಿ ಕೂತಿಲ್ಲದಿದ್ದರೆ ಮೈಕ್ರೋಸ್ವಿಚ್ ಒತ್ತುವುದಿಲ್ಲ, ಕಂಪ್ಯೂಟರ್ ಪಂಪಿಗೆ ಅಪ್ಪಣೆ ಕೊಡುವುದಿಲ್ಲ. ಒಬ್ಬರು ಪಂಪ್ ಬಿಚ್ಚಿ ತಂದು ನನ್ನ ಟೇಬಲ್ ಮೇಲೆ ಇಟ್ಟರು, ಪಂಪ್ ಚೆನ್ನಾಗೇ ತಿರುಗಿತು, ಗಾಡಿ ಹತ್ತಿರ ಹೋಗಿ ನೋಡಿದರೆ ಪರದೆಯ ಒಂದು ಕೊಕ್ಕೆ ತಪ್ಪಿತ್ತು ಅಷ್ಟೇ. ಮಾತಾಡದೆ ಎತ್ತಿಕೊಂಡು ಹೋದರು.

ಇನ್ನೊಂದು. ಕೈಯಿಂದ ರೂಫ್ ಮುಚ್ಚಲು ಪಂಪ್ ಮೇಲೆ ಬೈಪಾಸ್ ತಿರುಪು ಇರುವ ಗಾಡಿಗಳುಂಟು. ಯಾರಾದರೂ ಅದನ್ನು ಸಡಿಲಿಸಿ ಪೂರ್ತಿ ಬಿಗಿ ಮಾಡದೆ ಬಿಟ್ಟಿದ್ದರೂ ಹೀಗೇ ಆಗುತ್ತದೆ. ಮೋಟಾರ್ ಓಡುತ್ತದೆ, ಎಣ್ಣೆ ಸುತ್ತಿ ಟ್ಯಾಂಕಿಗೇ ವಾಪಸ್ ಬರುತ್ತದೆ, ರೂಫ್ ಏಳುವುದಿಲ್ಲ. ನಿಮ್ಮ ಗ್ಯಾರೇಜಿನವರು ಅದನ್ನು ಮುಟ್ಟಿದ್ದಾರಾ ಕೇಳಿ.

ಹಳೇಗಾಡಿ:

ಇಷ್ಟೆಲ್ಲ ಯಾಕೆ ಅಂತ. ಲೆವೆಲ್ ಕಡಿಮೆ ಇದ್ದರೆ ಒಂದು ಬಾಟಲ್ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಸುರಿದು ಓಡಿಸಿ. ನಾನು ಗೇರ್‌ಬಾಕ್ಸಿನ ಎಣ್ಣೆಯನ್ನೇ ರೂಫಿಗೂ ಹಾಕಿಕೊಂಡು ಎಂಟು ವರ್ಷ ಆಯಿತು, ಏನೂ ಆಗಿಲ್ಲ. ಹಿಂದೆ ಅಮೆರಿಕದ ಗಾಡಿಗಳಿಗೆ ಬ್ರೇಕ್ ಫ್ಲೂಯಿಡ್ಡೇ ಹಾಕುತ್ತಿದ್ದರು ಗೊತ್ತಾ? 1939ರ ಪ್ಲಿಮತ್‌ನಲ್ಲಂತೂ ಎಣ್ಣೆಯೇ ಇರಲಿಲ್ಲ, ವ್ಯಾಕ್ಯೂಮ್ ಮೇಲೆ ರೂಫ್ ಏಳುತ್ತಿತ್ತು. ಆಗ ಯಾರೂ ಟಿಶ್ಯೂ ಸುತ್ತುತ್ತಿರಲಿಲ್ಲ.

ಗ್ರೀಸ್‌ಕೈ:

ಹಳೇಗಾಡಿ ಅಣ್ಣ, ನಿಮ್ಮ ಗಾಡಿಗೆ ಎಟಿಎಫ್ಫೇ ಸರಿಯಾದ ಎಣ್ಣೆ ಆಗಿದ್ದರೆ ಎಂಟು ವರ್ಷ ಏನು, ಹದಿನೆಂಟು ವರ್ಷ ಓಡಲಿ. ಆದರೆ ಇವರ ಎಣ್ಣೆ ಹಸಿರು. ಎಟಿಎಫ್ ಸಾಮಾನ್ಯವಾಗಿ ಕೆಂಪು. ಹಸಿರು ಅಂದರೆ ಹೆಚ್ಚಾಗಿ ಸಿಎಚ್‌ಎಫ್ 11ಎಸ್ ಥರದ ಸಿಂಥೆಟಿಕ್ ಎಣ್ಣೆ, ಯುರೋಪಿನ ಗಾಡಿಗಳ ಪವರ್ ಸ್ಟಿಯರಿಂಗಿಗೂ ಹಾಕುತ್ತಾರಲ್ಲ ಅದೇ. ಬಣ್ಣ ನೋಡಿ ಮಾತ್ರ ತೀರ್ಮಾನ ಮಾಡಬೇಡಿ, ಟ್ಯಾಂಕಿನ ಮೇಲೆ ಅಥವಾ ಮ್ಯಾನುಯಲ್ಲಿನಲ್ಲಿ ಯಾವ ಎಣ್ಣೆ ಅಂತ ಬರೆದಿದೆಯೋ ಅದನ್ನೇ ಹಾಕಿ. ಒಂದಕ್ಕೊಂದು ಬೆರೆಸಿದರೆ ಅವತ್ತೇ ಏನೂ ಆಗುವುದಿಲ್ಲ, ಅದೇ ಮೋಸ. ಸೀಲ್ ಆಮೇಲೆ ಉಬ್ಬುತ್ತದೆ ಇಲ್ಲ ಮೆತ್ತಗಾಗುತ್ತದೆ.

ಬ್ರೇಕ್ ಫ್ಲೂಯಿಡ್ ವಿಷಯ ನೀವು ಹೇಳಿದ್ದು ನಿಜ, 1940-50ರ ಗಾಡಿಗಳಲ್ಲಿ ಇತ್ತು. ಆ ಸೀಲ್‌ಗಳ ರಬ್ಬರೇ ಬೇರೆ. ಅದಕ್ಕೆ ಖನಿಜ ಎಣ್ಣೆ ಹಾಕಿದರೆ ಅದು ಹಾಳು, ಇದಕ್ಕೆ ಬ್ರೇಕ್ ಫ್ಲೂಯಿಡ್ ಹಾಕಿದರೆ ಇದು ಹಾಳು. ಜೊತೆಗೆ ಬ್ರೇಕ್ ಫ್ಲೂಯಿಡ್ ಸೋರಿದರೆ ಬಣ್ಣವನ್ನೂ ಕಿತ್ತುಹಾಕುತ್ತದೆ.

ಅಂಗಡಿಯಲ್ಲಿ ಸಿಗುವ ಲೀಕ್ ನಿಲ್ಲಿಸುವ ಔಷಧಿಯನ್ನೂ ಹಾಕಬೇಡಿ. ಕೂದಲೆಳೆಯಷ್ಟು ಸಂದಿ ಇರುವ ವಾಲ್ವ್‌ಗಳು ಅವು.

ಬಿಸಿಲುಕೋಲು:

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಭಾನುವಾರ ಎರಡೂ ದಿನ ಡಿಕ್ಕಿಯಲ್ಲೇ ಕಳೆದೆ.

ಟ್ಯಾಂಕಿನಲ್ಲಿ ಎಣ್ಣೆ ಕೆಳಗಿನ ಗೆರೆಗಿಂತಲೂ ಎರಡು ಬೆರಳು ಕೆಳಗೆ. ವೋಲ್ಟೇಜ್ ಭಾರದಲ್ಲೂ 12ರ ಮೇಲೇ ಇದೆ. ಬೈಪಾಸ್ ತಿರುಪು ಬಿಗಿಯಾಗಿದೆ. ಮ್ಯಾನುಯಲ್ಲಿನಲ್ಲಿ ಹೇಳಿದ್ದ ಎಣ್ಣೆಯನ್ನೇ ತಂದು ಸಿರಿಂಜಿನಲ್ಲಿ ಹಾಕಿದೆ, ರೂಫ್ ತಾನಾಗಿಯೇ ಪೂರ್ತಿ ಮುಚ್ಚಿತು! ಹೆಂಡತಿ ಚಪ್ಪಾಳೆ ತಟ್ಟಿದಳು. ಬೆಳಿಗ್ಗೆ ಟಿಶ್ಯೂ ನೋಡಿದರೆ ಎಡಗಡೆಯ ದೊಡ್ಡ ಸಿಲಿಂಡರಿನದು, ರಾಡ್ ಹೊರಬರುವ ಬಾಯಲ್ಲಿ, ಪೂರ್ತಿ ನೆನೆದಿದೆ. ಉಳಿದವೆಲ್ಲ ಒಣಗಿವೆ, ಬಲಗಡೆಯದು ಮಾತ್ರ ಸ್ವಲ್ಪ ಜಿಡ್ಡು.

ಆದರೂ ಅರ್ಧದಲ್ಲಿ ಬಿಟ್ಟರೆ ಈಗಲೂ ಇಳಿಯುತ್ತದೆ. ನಾಲ್ಕೈದು ನಿಮಿಷ ನಿಂತು ಆಮೇಲೆ. ಅದು ಬೇರೆ ತೊಂದರೆಯಾ?

ಮತ್ತೆ ಸೀಲ್ ಮಾತ್ರ ಬದಲಿಸಬಹುದಾ, ಸಿಲಿಂಡರೇ ಬೇಕಾ? ಗಾಡಿ ಓಡಿರುವುದೇ ಕಡಿಮೆ, ರೂಫ್ ತೆರೆದಿರುವುದು ಇನ್ನೂ ಕಡಿಮೆ. ಬಳಸದೇ ಇರುವುದು ಹೇಗೆ ಸವೆಯಿತು ಅಂತ.

ತಂತಿಮಾಸ್ತರ:

ಮೊದಲು ಬಿಟ್ಟ ಕೂಡಲೇ ಇಳಿಯುತ್ತಿತ್ತು, ಈಗ ಕೆಲವು ನಿಮಿಷ ನಿಂತು ಇಳಿಯುತ್ತದೆ, ಅಲ್ವಾ? ಹಾಗಿದ್ದರೆ ಅದು ತೊಂದರೆ ಆಗದೆಯೂ ಇರಬಹುದು. ಅರ್ಧದಲ್ಲಿ ಬಿಟ್ಟರೆ ಕೆಲವು ನಿಮಿಷ ಪ್ರೆಶರ್ ಹಿಡಿದು, ಆಮೇಲೆ ವಾಲ್ವ್ ತೆರೆದು ತಾನೇ ಬಿಟ್ಟುಬಿಡುವ ಗಾಡಿಗಳು ಬೇಕಾದಷ್ಟಿವೆ. ಸಮಯ ಹಿಡಿದು ನೋಡಿ. ಪ್ರತಿ ಸಲ ಸರಿಯಾಗಿ ಅಷ್ಟೇ ಹೊತ್ತಿಗೆ ಇಳಿದರೆ ಅದು ಕಂಪ್ಯೂಟರ್. ಒಮ್ಮೆ ಬೇಗ ಒಮ್ಮೆ ತಡ ಅಂದರೆ ಸೀಲ್.

ಗ್ರೀಸ್‌ಕೈ:

ಇಂಥ ಸೀಲ್ ಓಡಾಟಕ್ಕಿಂತ ವಯಸ್ಸಿಗೆ ಹೆಚ್ಚು ಹಾಳಾಗುತ್ತದೆ. ಆ ಕಾಲದ ಎಷ್ಟೋ ಸಿಲಿಂಡರುಗಳಲ್ಲಿ ಪಾಲಿಯುರೆಥೇನ್ ಸೀಲ್ ಹಾಕಿದ್ದರು. ವರ್ಷಗಟ್ಟಲೆ ತೇವ, ಬಿಸಿಲು ಸೇರಿ ಅದು ಮೆತ್ತಗಾಗಿ ಹಳೇ ಬೆಲ್ಲದ ಹಾಗೆ ಪುಡಿಯಾಗುತ್ತದೆ, ಇಲ್ಲ ಅಂಟಾಗುತ್ತದೆ. ಬಳಸಿದರೂ ಅಷ್ಟೇ, ಶೆಡ್ಡಿನಲ್ಲಿ ಇಟ್ಟರೂ ಅಷ್ಟೇ. ಬಲಗಡೆಯದು ಜಿಡ್ಡು ಅಂದಿರಲ್ಲ, ಅದಕ್ಕೂ ಅಷ್ಟೇ ವಯಸ್ಸು. ಎರಡನ್ನೂ ಒಟ್ಟಿಗೇ ಬಿಚ್ಚಿ, ಇಲ್ಲದಿದ್ದರೆ ಆರು ತಿಂಗಳಿಗೆ ಮತ್ತೆ ಅದೇ ಟ್ರಿಮ್ ಕೀಳುತ್ತೀರಿ. ನಿಜ ಹೇಳಬೇಕು ಅಂದರೆ ಈ ಕೆಲಸದಲ್ಲಿ ಸೀಲ್ ಬದಲಿಸುವುದು ಸುಲಭ, ಕ್ಲಿಪ್ ಮುರಿಯದೆ ಹಿಂದಿನ ಪ್ಲಾಸ್ಟಿಕ್ ಟ್ರಿಮ್ ಬಿಚ್ಚುವುದೇ ಕಷ್ಟ.

ಸಿಲಿಂಡರ್ ಬಾಯಲ್ಲಿ ಒಳಗಡೆ ಸರ್ಕ್ಲಿಪ್ (ಕಾಲುವೆಯಲ್ಲಿ ಕೂರುವ ಸ್ಪ್ರಿಂಗ್ ಉಂಗುರ) ಕಂಡರೆ ಅದು ಬಿಚ್ಚುವ ಜಾತಿ. ಅಂಚನ್ನು ಒತ್ತಿ ಮಡಚಿ ಮುಚ್ಚಿದ್ದರೆ ಮನೆಯಲ್ಲಿ ಬೇಡ, ಸಿಲಿಂಡರ್ ರಿಪೇರಿ ಮಾಡುವವರಿಗೆ ಕೊಡಿ.

ಬಿಚ್ಚುವ ಮೊದಲು ಬೈಪಾಸ್ ಸಡಿಲಿಸಿ ಪ್ರೆಶರ್ ಇಳಿಸಿ, ರೂಫಿಗೆ ಮರ ಆನಿಸಿ. ಪ್ರತಿ ಪೈಪಿಗೂ ಅದರ ತೂತಿಗೂ ಒಂದೇ ಬಣ್ಣದ ಟೇಪ್ ಅಂಟಿಸಿ. ನಾನು ಒಂದು ಸಲ ನೆನಪಿರುತ್ತದೆ ಬಿಡು ಅಂತ ಬಿಟ್ಟು, ಎರಡು ಪೈಪ್ ಅದಲು ಬದಲಾಗಿ, ಒಂದು ಸಿಲಿಂಡರ್ ಎತ್ತುತ್ತದೆ ಇನ್ನೊಂದು ಇಳಿಸುತ್ತದೆ, ಫ್ರೇಮ್ ಕಿರ್ ಅಂದ ಶಬ್ದ ಈಗಲೂ ಕನಸಲ್ಲಿ ಬರುತ್ತದೆ. ಪೈಪಿನ ತುದಿ, ಸಿಲಿಂಡರಿನ ತೂತು ಎರಡಕ್ಕೂ ಮುಚ್ಚಳ ಹಾಕಿ, ಒಂದು ಮರಳ ಕಣ ಒಳಗೆ ಹೋದರೂ ವಾಲ್ವಿಗೆ ಸಾಕು. ಪ್ಲಾಸ್ಟಿಕ್ ಪೈಪನ್ನು ಇಕ್ಕಳದಿಂದ ಹಿಸುಕಿ ಮುಚ್ಚಬೇಡಿ, ಆ ಮಡಿಕೆಯಲ್ಲೇ ನಾಳೆ ಸೀಳುತ್ತದೆ.

ಸಿಲಿಂಡರ್ ಕೈಗೆ ಬಂದ ಮೇಲೆ, ಒಳಗೆ ಎಣ್ಣೆ ಇರುವಾಗಲೇ ಒಂದು ಪರೀಕ್ಷೆ ಮಾಡಿ. ರಾಡ್ ಹೊರಗೆಳೆದು, ತಳದ ತೂತನ್ನು ಬಿಗಿಯಾಗಿ ಮುಚ್ಚಿ, ರಾಡ್ ಒಳಗೆ ತಳ್ಳಿ. ಕಲ್ಲಿನ ಹಾಗೆ ನಿಲ್ಲಬೇಕು. ನಿಧಾನಕ್ಕೆ ಒಳಗೆ ಹೋದರೆ ಒಳಗಿನ ಪಿಸ್ಟನ್ ಸೀಲ್ ಕೂಡ ಹೋಗಿದೆ. ಆ ಲೀಕಿಗೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಟ್ಯಾಂಕಿನ ಲೆವೆಲ್ಲೂ ಇಳಿಯುವುದಿಲ್ಲ. ಎಣ್ಣೆ ತುಂಬಿದ್ದರೂ ಭಾರ ಎತ್ತದ ರೂಫಿನ ಗುಟ್ಟು ಎಷ್ಟೋ ಸಲ ಇದೇ, ಮತ್ತು ಸುಮ್ನೆ ಪಂಪಿನ ತಲೆಗೆ ಕಟ್ಟುವುದೂ ಇದನ್ನೇ.

ಬಾಯಿಯ ಬುಶ್ (ರಾಡ್ ಹಾಯುವ ಬಳೆ) ಅನ್ನು ಸ್ವಲ್ಪ ಒಳಗೆ ತಳ್ಳಿದರೆ ಸರ್ಕ್ಲಿಪ್ ಸಡಿಲ ಆಗುತ್ತದೆ, ಅದನ್ನು ಕಿತ್ತು, ಬಟ್ಟೆ ಸುತ್ತಿ ರಾಡ್ ಎಳೆಯಿರಿ. ಹೊಸ ಸೀಲಿಗೆ ಅಳತೆ ತೆಗೆಯುವಾಗ ಹಳೇ ಸೀಲ್ ಅಳೆಯಬೇಡಿ, ಅದು ಉಬ್ಬಿರುತ್ತದೆ. ರಾಡಿನ ದಪ್ಪ, ಸೀಲ್ ಕೂರುವ ಕಾಲುವೆ ಇವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಸೀಲಿನ ತುಟಿ ಎಣ್ಣೆಯ ಕಡೆಗೆ ಇರಬೇಕು, ತಿರುಗಿಸಿ ಹಾಕಿದರೆ ಹೊಸದೂ ಮೊದಲ ದಿನವೇ ಸೋರುತ್ತದೆ. ಅದೇ ಎಣ್ಣೆಯಲ್ಲಿ ಅದ್ದಿ ಹಾಕಿ. ಸರ್ಕ್ಲಿಪ್ ಕೂರುವ ಕಾಲುವೆಯ ಅಂಚು ಬ್ಲೇಡಿನಷ್ಟು ಚೂಪು, ಅದನ್ನು ದಾಟುವಾಗ ಹೊಸ ಸೀಲ್ ಕತ್ತರಿಸುತ್ತದೆ. ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಅದರ ಮೇಲೆ ಜಾರಿಸಿ.

ಕೊನೆಗೆ ರಾಡ್ ಮೇಲೆ ಉಗುರು ಎಳೆದು ನೋಡಿ. ತುಕ್ಕಿನ ಗುಳಿಗೆ ಉಗುರು ಸಿಕ್ಕಿಕೊಂಡರೆ ಹೊಸ ಸೀಲಿಗೆ ಕಾಸು ಹಾಕಬೇಡಿ, ಆ ಗುಳಿ ಅದನ್ನೂ ತುರಿದುಹಾಕುತ್ತದೆ.

ನೀಲಿಹೊದಿಕೆ:

ಒಂದು ಮಾತು ಸೇರಿಸುತ್ತೇನೆ. ಮುಂದಿನ ಗಾಜಿನ ಮೇಲ್ಚೌಕಟ್ಟಿನಲ್ಲಿ ಕೊಕ್ಕೆ ಬಿಗಿಯುವ ಸಣ್ಣ ಸಿಲಿಂಡರ್ ನಿಮ್ಮದರಲ್ಲೂ ಇದ್ದರೆ ಅದನ್ನೂ ನೋಡಿ. 1989ರಲ್ಲಿ ಬಂದ ಮರ್ಸಿಡಿಸ್ ಎಸ್‌ಎಲ್ ಆರ್129 ಇದಕ್ಕೇ ಹೆಸರುವಾಸಿ. ಅಲ್ಲಿನ ಸೀಲ್ ಹೋದರೆ ಎಣ್ಣೆ ಸನ್‌ವೈಸರ್ ಹತ್ತಿರದಿಂದ ಓಡಿಸುವವರ ತೊಡೆಗೋ ತಲೆಗೋ ಹನಿಯುತ್ತದೆ. ಒಳಗಿನ ಬಟ್ಟೆಗೆ ಹಿಡಿದ ಕಲೆ ಪೂರ್ತಿ ಹೋಗುವುದು ಕಷ್ಟ. ಮೊದಲ ಜನರೇಶನ್ ಬಿಎಂಡಬ್ಲ್ಯು ಝಡ್4ನಲ್ಲಿ ಕಥೆ ಬೇರೆ, ಅಲ್ಲಿ ನೀರು ಹೋಗುವ ತೂತು ಎಲೆ ಕಸ ಕಟ್ಟಿ ಮುಚ್ಚಿದರೆ ರೂಫ್ ಮೋಟಾರೇ ನೀರಲ್ಲಿ ಕೂರುತ್ತದೆ. ಯಾವ ಗಾಡಿಯಾದರೂ ಆ ತೂತುಗಳನ್ನು ವರ್ಷಕ್ಕೆ ಎರಡು ಸಲ ಬಿಡಿಸಿ.

ಬಿಸಿಲುಕೋಲು:

ಮುಗಿಯಿತು! ಎರಡೂ ಸಿಲಿಂಡರ್ ಬಿಚ್ಚಿದೆ. ಎಡಗಡೆಯ ಸೀಲ್ ನಿಜಕ್ಕೂ ಬೆಲ್ಲವೇ, ಬೆರಳಲ್ಲಿ ಒತ್ತಿದರೆ ಪುಡಿ. ಪಿಸ್ಟನ್ ಸೀಲ್ ಗಟ್ಟಿಯಾಗಿತ್ತು, ಆದರೂ ಬದಲಿಸಿದೆ. ರಾಡ್ ನುಣುಪಾಗಿದೆ. ಬಣ್ಣದ ಟೇಪ್ ಹಾಕಿದ್ದೆ, ಆದರೂ ಎರಡು ಸಲ ಫೋಟೋ ನೋಡಿದೆ. ಟ್ರಿಮ್ಮಿನ ಮೂರು ಕ್ಲಿಪ್ ಮುರಿದವು, ಹೇಳಿದ್ದಿರಿ.

ಎಣ್ಣೆ ಹಾಕಿ ರೂಫ್ ಆಡಿಸಿದೆ. ಮೊದಲ ಎರಡು ಸಲ ತೊದಲಿತು, ಮೂರನೇ ಸಲಕ್ಕೆ ಅರ್ಧದಲ್ಲಿ ಮೋಟಾರ್ ಪೂರ್ತಿ ನಿಂತೇಹೋಯಿತು. ಜೀವ ಬಾಯಿಗೆ ಬಂತು. ಇಪ್ಪತ್ತು ನಿಮಿಷ ಬಿಟ್ಟು ಒತ್ತಿದರೆ ಏನೂ ಆಗಿಲ್ಲದ ಹಾಗೆ ಎದ್ದಿತು. ಇದು ಏನು?

ತಂತಿಮಾಸ್ತರ:

ಬಿಸಿ ಆಗಿದೆ ಅಷ್ಟೇ. ಮೋಟಾರಿನಲ್ಲಿ ಥರ್ಮಲ್ ಸ್ವಿಚ್ ಇರುತ್ತದೆ, ಒಂದರ ಹಿಂದೆ ಒಂದು ಆಡಿಸಿದರೆ ಕಡಿದುಹಾಕುತ್ತದೆ, ತಣ್ಣಗಾದ ಮೇಲೆ ತಾನೇ ಸೇರಿಕೊಳ್ಳುತ್ತದೆ. ಪ್ರತಿ ಸಲ ಆಡಿಸಿದ ಮೇಲೆ ಹತ್ತು ನಿಮಿಷ ಬಿಡಿ.

ಗ್ರೀಸ್‌ಕೈ:

ಆ ಹತ್ತು ನಿಮಿಷದಲ್ಲಿ ಟ್ಯಾಂಕ್ ನೋಡುತ್ತಾ ಇರಿ. ನೊರೆ ಒಡೆದು ಎಣ್ಣೆ ತಿಳಿಯಾದ ಮೇಲೇ ಮುಂದಿನ ಸಲ. ಹೆಚ್ಚಿನ ಗಾಡಿಗಳಲ್ಲಿ ಗಾಳಿ ತೆಗೆಯಲು ಬೇರೆ ತಿರುಪು ಇರುವುದಿಲ್ಲ, ಗಾಳಿ ಎಣ್ಣೆಯ ಜೊತೆ ಟ್ಯಾಂಕಿಗೆ ಬಂದು ಮೇಲೆದ್ದು ಹೋಗಬೇಕು ಅಷ್ಟೇ. ನಾಲ್ಕೈದು ಸಲಕ್ಕೆ ತೊದಲು ನಿಲ್ಲುತ್ತದೆ. ಆಮೇಲೆ ಲೆವೆಲ್ ಇನ್ನೊಮ್ಮೆ ನೋಡಿ, ಇಳಿದಿರುತ್ತದೆ.

ಬಿಸಿಲುಕೋಲು:

ಆರನೇ ಸಲಕ್ಕೆ ಸರಿಹೋಯಿತು. ಈಗ ಎತ್ತುವಾಗ ಎಲ್ಲೂ ತಡೆಯುವುದಿಲ್ಲ, ಕೀರಲು ಶಬ್ದವೂ ಇಲ್ಲ. ಇಳಿಯುವ ಸಮಯ ಮೂರು ಸಲ ಹಿಡಿದೆ, ಮೂರೂ ಸಲ ಹೆಚ್ಚು ಕಡಿಮೆ ಒಂದೇ. ಕಂಪ್ಯೂಟರೇ. ಪಂಪ್ ಮುಟ್ಟಲೇ ಇಲ್ಲ!

ಕೊನೆಯದೊಂದು. ಡಿಕ್ಕಿ ಕಾರ್ಪೆಟ್ ಸೋಪ್ ಹಾಕಿ ತೊಳೆದೆ, ಮೇಲೆ ಒಣಗಿದೆ. ಆದರೆ ಒತ್ತಿದರೆ ಇನ್ನೂ ಎಣ್ಣೆ ಬರುತ್ತದೆ. ಬಿಡಲಾ ಹಾಗೇ?

ಗ್ರೀಸ್‌ಕೈ:

ಬಿಡಬೇಡಿ. ಕಾರ್ಪೆಟ್ ಅಡಿಯ ಸ್ಪಂಜ್ ಕುಡಿದಿದೆ, ಅದನ್ನು ಕಿತ್ತು ಬಿಸಾಕಿ ಹೊಸದು ಹಾಕಿ. ಸ್ಟೆಪ್ನಿ ಗುಂಡಿಯನ್ನೂ ಒರೆಸಿ. ಒಂದು ತಿಂಗಳು ಅಲ್ಲಿ ಬಿಳಿ ಕಾಗದ ಹಾಸಿಡಿ. ಹಳೇ ಎಣ್ಣೆ ಅಲ್ಲೇ ಇದ್ದರೆ ನಾಳೆ ಇನ್ನೊಂದು ಸಿಲಿಂಡರ್ ಸೋರಿದಾಗ ಯಾವುದು ಹೊಸದು ಯಾವುದು ಹಳೇದು ನಿಮಗೇ ಗೊತ್ತಾಗುವುದಿಲ್ಲ.